ಕಾರವಾರದಲ್ಲಿ ಅರಿವಳಿಕೆ ವೈದ್ಯರ ಸಿಎಂಇ: ಕಡಲೂ ಸಿಗಬೇಕು, ಪಾಠವೂ ಆಗಬೇಕು (ಸಮಗ್ರ ಮಾರ್ಗದರ್ಶಿ)

ಅನಸ್ತೇಶಿಯಾ ಸಿಎಂಇ (ಅರಿವಳಿಕೆ ವೈದ್ಯರ ನಿರಂತರ ಶಿಕ್ಷಣ ಕಾರ್ಯಕ್ರಮ) ಎಂದರೆ ಸಾಮಾನ್ಯವಾಗಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ. ಜೊತೆಗೆ ಸ್ವಲ್ಪ ಕಡಲತೀರವೂ ಬೇಕು ಅಂದರೆ ಗೋವಾ. ಗೋವಾಕ್ಕೆ ಹೋಗುವವರು ಕಾರವಾರವನ್ನು ಕಾರಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗಿಬಿಡುತ್ತಾರೆ. ಇಲ್ಲೇ ನಿಂತು ಎರಡು ದಿನದ ಸಿಎಂಇ ನಡೆಸಬಹುದು. ರೈಲಿದೆ, ಹೆದ್ದಾರಿ ಇದೆ, ವೈದ್ಯಕೀಯ ಕಾಲೇಜಿದೆ, ಮೀನೂಟವಂತೂ ಇದ್ದೇ ಇದೆ.

ಆದರೆ ಪ್ರವಾಸಿ ಸ್ಥಳದ ಸಿಎಂಇಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಐನೂರು ಕಿಲೋಮೀಟರ್ ದೂರದವರು ಕುಟುಂಬ ಸಮೇತ ಬರುತ್ತಾರೆ. ಪಕ್ಕದ ತಾಲ್ಲೂಕಿನ ಡಾಕ್ಟರು ಬರುವುದಿಲ್ಲ. ಆಸಕ್ತಿ ಇಲ್ಲ ಅಂತಲ್ಲ. ಅವರು ಬಂದರೆ ಅವತ್ತು ಅವರ ಆಸ್ಪತ್ರೆಯಲ್ಲಿ ಸಿಸೇರಿಯನ್‌ಗೆ ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಕೊಡುವವರೇ ಇರುವುದಿಲ್ಲ. ಈ ಒಂದು ತೊಡಕನ್ನು ಬಿಡಿಸಿದರೆ ಉಳಿದ ತಯಾರಿ ಅಷ್ಟೇನೂ ಕಷ್ಟವಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಯಾರಿಗಾಗಿ ಅಂತ ಬರೆದುಕೊಳ್ಳಿ, ಆಮೇಲೆ ಡ್ಯೂಟಿ ಪಟ್ಟಿ ಮಾಡಿ

ಉತ್ತರ ಕನ್ನಡದಲ್ಲಿ 12 ತಾಲ್ಲೂಕು. ಐದು ಕರಾವಳಿ, ಉಳಿದವು ಘಟ್ಟದ ಮೇಲೆ. ಗಂಭೀರ ರೋಗಿಗಳು ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಆಂಬುಲೆನ್ಸಿನಲ್ಲಿ ಹೋಗಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೆ ಸಿಕ್ಕ ಮೇಲೆ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂಬ ಕೂಗು ಎಷ್ಟು ಜೋರಾಯಿತು ಅಂತ ನಮಗೆಲ್ಲ ನೆನಪಿದೆ. ಆ ಆಸ್ಪತ್ರೆ ಬರುವಾಗ ಬರಲಿ. ಅಲ್ಲಿಯವರೆಗೆ ತಾಲ್ಲೂಕಿನ ಓಟಿಯಲ್ಲಿ (ಶಸ್ತ್ರಚಿಕಿತ್ಸೆ ಕೊಠಡಿಯಲ್ಲಿ) ನಿಂತವರ ಕೈ ಗಟ್ಟಿಯಾಗಬೇಕು, ಅಲ್ವಾ?

ಕರೆಯಬೇಕಾದವರು ಇವರು: ತಾಲ್ಲೂಕು ಆಸ್ಪತ್ರೆಗಳ ಅರಿವಳಿಕೆ ತಜ್ಞರು, ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದಕ್ಕೆ ಓಡಾಡುವ ಫ್ರೀಲ್ಯಾನ್ಸ್ ಡಾಕ್ಟರುಗಳು, ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಅರಿವಳಿಕೆ ವಿಭಾಗದವರು, ಎಲ್‌ಎಸ್‌ಎಎಸ್ (ಜೀವರಕ್ಷಕ ಅರಿವಳಿಕೆ ಕೌಶಲ) ತರಬೇತಿ ಪಡೆದು ತುರ್ತು ಹೆರಿಗೆಗೆ ಅರಿವಳಿಕೆ ಕೊಡುವ ಎಂಬಿಬಿಎಸ್ ವೈದ್ಯರು, ಓಟಿ ಟೆಕ್ನಿಷಿಯನ್‌ಗಳು, ಓಟಿ ಸಿಸ್ಟರ್‌ಗಳು. ಕೊನೆಯ ಮೂವರನ್ನು ಅನೇಕ ಸಿಎಂಇಗಳು ಕರೆಯುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ನಿಮ್ಮ ಕೈಗೆ ಬೂಜಿ (ಉಸಿರುನಾಳಕ್ಕೆ ಟ್ಯೂಬ್ ಇಳಿಸಲು ದಾರಿ ಮಾಡುವ ಉದ್ದ ಕಡ್ಡಿ) ಕೊಡಬೇಕಾದವರು ಅವರೇ.

ಬಿಡುವಿನ ಸಮಸ್ಯೆಗೆ ನನ್ನ ಸಲಹೆ ಇಷ್ಟೇ: ಒಂದೇ ಕಾರ್ಯಕ್ರಮವನ್ನು ಶನಿವಾರ ಒಮ್ಮೆ, ಭಾನುವಾರ ಇನ್ನೊಮ್ಮೆ ಪೂರ್ತಿ ನಡೆಸಿ. ಅಕ್ಕಪಕ್ಕದ ಊರಿನವರನ್ನು ಜೋಡಿ ಮಾಡಿ. ಕುಮಟಾ ಮತ್ತು ಹೊನ್ನಾವರದ ನಡುವೆ ಸುಮಾರು 20 ಕಿಲೋಮೀಟರ್. ಕುಮಟಾದವರು ಶನಿವಾರ ಬಂದರೆ ಹೊನ್ನಾವರದವರು ಎರಡೂ ಕಡೆಯ ಕಾಲ್ (ತುರ್ತು ಕರೆ) ನೋಡಿಕೊಳ್ಳಲಿ. ಭಾನುವಾರ ಅದಲು ಬದಲು. ಶಿರಸಿಯವರು ಸಿದ್ದಾಪುರದವರ ಜೊತೆ ಮಾತಾಡಿಕೊಳ್ಳಲಿ. ಜೋಡಿ ಸಿಗದ ಊರಿದ್ದರೆ ಹೊರಗಿನಿಂದ ಒಬ್ಬರನ್ನು ಆ ಎರಡು ದಿನಕ್ಕೆ ಕರೆಸಿ, ಅವರ ಸಂಭಾವನೆಯನ್ನು ಸಿಎಂಇ ಖರ್ಚಿನಲ್ಲೇ ಹಾಕಿ. ಬ್ಯಾನರಿಗೆ, ಹೂಗುಚ್ಛಕ್ಕೆ, ಶಾಲು ಫಲಕಕ್ಕೆ ಹಾಕುವ ದುಡ್ಡಿನಲ್ಲೇ ಇದು ಆಗುತ್ತದೆ.

ಪಟ್ಟಿ ತಯಾರಾದ ಮೇಲೆ ಸ್ತ್ರೀರೋಗ ತಜ್ಞರಿಗೂ ಸರ್ಜನ್‌ಗಳಿಗೂ ಒಂದು ತಿಂಗಳು ಮೊದಲೇ ತಿಳಿಸಿ. ಆ ಎರಡು ದಿನ ಎಲೆಕ್ಟಿವ್ (ತುರ್ತಲ್ಲದ) ಕೇಸ್ ಇಡಬೇಡಿ ಅಂತ ಕೇಳಿಕೊಳ್ಳಿ. ಯಾವ ದಿನ ಯಾರ ಕಾಲ್, ಯಾವ ನಂಬರ್ ಎಂಬುದು ಪ್ರತಿ ಲೇಬರ್ ವಾರ್ಡಿನ ಗೋಡೆಯ ಮೇಲೆ ಕಾಗದದಲ್ಲಿ ಅಂಟಿಸಿರಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಸಾಕು ಅಂದುಕೊಳ್ಳಬೇಡಿ. ಗುಡ್ ಮಾರ್ನಿಂಗ್ ಚಿತ್ರಗಳ ಅಡಿಯಲ್ಲಿ ಅದು ಸಂಜೆಯೊಳಗೆ ಮುಚ್ಚಿಹೋಗುತ್ತದೆ.

ಭಾಷಣಕಾರರ ವಿಷಯ: ಒಂದೇ ಪಾಠವನ್ನು ಎರಡು ಸಲ ಹೇಳಲು ಒಪ್ಪುವವರನ್ನೇ ಕರೆಯಿರಿ. ಒಪ್ಪದ ದೊಡ್ಡ ಹೆಸರಿಗಿಂತ ಒಪ್ಪುವ ಚಿಕ್ಕ ಹೆಸರು ವಾಸಿ. ದೂರದಿಂದ ಬಂದವರು ಒಂದು ದಿನ ಕಲಿಯಲಿ, ಇನ್ನೊಂದು ದಿನ ಬೇಕಾದರೆ ಟೇಬಲ್ಲಿನ ಬಳಿ ನಿಂತು ಕಲಿಸಲಿ, ಬೇಡವಾದರೆ ಗೋಕರ್ಣ ನೋಡಿಬರಲಿ.

ಹೆಜ್ಜೆ 2: ದಿನಾಂಕ

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಇದರಲ್ಲಿ ಚೌಕಾಸಿ ಬೇಡ. ಮಳೆಗಾಲದ ಹಸಿರು ಚೆಂದ, ನಿಜ. ಆದರೆ 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಜಾರಿತು. ಮುಂದಿನ ತಿಂಗಳು, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಘಟ್ಟದ ರಸ್ತೆಗಳ ಕಥೆ ಬೇರೆ ಹೇಳಬೇಕಿಲ್ಲ. ಅದೂ ಅಲ್ಲದೆ ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತಾಜಾ ಮೀನಿನ ಆಸೆ ತೋರಿಸಿ ಕರೆದು ಫ್ರಿಜ್ಜಿನ ಮೀನು ಬಡಿಸಬೇಡಿ.

ಒಳ್ಳೆಯ ತಿಂಗಳುಗಳಲ್ಲೂ ಕೆಲವು ದಿನ ಬಿಡಬೇಕು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಗೋವಾ, ಗೋಕರ್ಣದ ಜನಸಂದಣಿ ಕಾರವಾರಕ್ಕೂ ಚೆಲ್ಲುತ್ತದೆ, ರೂಮಿನ ಬಾಡಿಗೆ ಏರುತ್ತದೆ. ಶಿವರಾತ್ರಿಗೆ ಗೋಕರ್ಣ ತುಂಬಿರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಯ ಯಾರನ್ನೂ ನಿರೀಕ್ಷಿಸಬೇಡಿ. ಡಾಕ್ಟರುಗಳ ಮನೆಯಲ್ಲೂ ನೆಂಟರು ತುಂಬಿರುತ್ತಾರೆ. ಐಎಸ್‌ಎಯ (ಭಾರತೀಯ ಅರಿವಳಿಕೆ ತಜ್ಞರ ಸಂಘದ) ರಾಷ್ಟ್ರೀಯ, ರಾಜ್ಯ ಸಮ್ಮೇಳನದ ದಿನಾಂಕಗಳನ್ನೂ ನೋಡಿಕೊಳ್ಳಿ. ಅಕ್ಟೋಬರ್ 16ರ ವಿಶ್ವ ಅರಿವಳಿಕೆ ದಿನಕ್ಕೇ ಮಾಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ದಿನಕ್ಕೆ ಊರಲ್ಲೊಂದು ಸಿಪಿಆರ್ ಕಾರ್ಯಕ್ರಮ ಇಟ್ಟುಕೊಳ್ಳಿ, ಸಿಎಂಇಗೆ ಮಳೆ ಪೂರ್ತಿ ಬಿಡಲಿ.

ಹೆಜ್ಜೆ 3: ಕ್ರೆಡಿಟ್, ಹಣ, ಕಾಗದಪತ್ರ

ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಸಿಎಂಇಯಲ್ಲಿ ಭಾಗವಹಿಸಬೇಕು ಎಂಬುದು 2002ರ ವೈದ್ಯಕೀಯ ನೀತಿ ನಿಯಮಾವಳಿಯಲ್ಲೇ ಇದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ನವೀಕರಣಕ್ಕೆ ಈ ಗಂಟೆಗಳ ಲೆಕ್ಕ ಬೇಕು. ಹಾಗಾಗಿ ಪರಿಷತ್ತಿಗೆ ಮುಂಚಿತವಾಗಿ ಅರ್ಜಿ ಹಾಕಿ. ಜೊತೆಗೆ ನಿಮಿಷ ನಿಮಿಷದ ವೇಳಾಪಟ್ಟಿ, ಭಾಷಣಕಾರರ ವಿವರ ಇರಲಿ. ಪರಿಷತ್ತಿನ ವೀಕ್ಷಕರು ಬರುತ್ತಾರೆ. ಎರಡು ದಿನ ಒಂದೇ ಪಾಠ ಎಂಬುದನ್ನು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆದು, ಪ್ರತಿಯೊಬ್ಬರಿಗೂ ಒಂದೇ ದಿನದ ಗಂಟೆ ಕೇಳಿ. ಇಲ್ಲದಿದ್ದರೆ ಒಬ್ಬರೇ ಎರಡು ದಿನ ಸಹಿ ಹಾಕಿ ಎರಡು ಸಲ ಅಂಕ ಕೇಳುವ ಕಿರಿಕಿರಿ ಬರುತ್ತದೆ. ನೋಂದಣಿ ಫಾರಂನಲ್ಲಿ ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ) ಸಂಖ್ಯೆ ಕಡ್ಡಾಯ ಮಾಡಿ. ಗೋವಾದಿಂದ ಬರುವವರ ಪರಿಷತ್ತು ಬೇರೆ, ಅವರು ತಮ್ಮ ಕಡೆ ಮೊದಲೇ ವಿಚಾರಿಸಿಕೊಂಡು ಬರಲಿ. ಟೆಕ್ನಿಷಿಯನ್, ಸಿಸ್ಟರ್‌ಗಳಿಗೆ ಬೇರೆ ಪ್ರಮಾಣಪತ್ರ ಮಾಡಿಸಿ.

ಹಣದ ವಿಷಯದಲ್ಲಿ ಕಡಲತೀರ ಅಂದ ಕೂಡಲೇ ಎಲ್ಲರ ಕಣ್ಣು ನಿಮ್ಮ ಮೇಲೆ ಬೀಳುತ್ತದೆ. ಅದೇ ನೀತಿ ನಿಯಮಾವಳಿಗೆ ಬಂದ 2009ರ ಡಿಸೆಂಬರ್ ತಿದ್ದುಪಡಿ ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣ, ಆತಿಥ್ಯ ಪಡೆಯುವುದನ್ನು ನಿಷೇಧಿಸಿತು. 2024ರ ಮಾರ್ಚ್‌ನಲ್ಲಿ ಬಂದ ಔಷಧ ಮಾರಾಟ ಸಂಹಿತೆ ಕಂಪನಿಗಳ ಕಡೆಯಿಂದಲೂ ಅದನ್ನೇ ಬಿಗಿ ಮಾಡಿತು: ಭಾಷಣಕಾರರನ್ನು ಬಿಟ್ಟು ಬೇರೆ ವೈದ್ಯರ ಪ್ರಯಾಣ, ಹೋಟೆಲ್ ಖರ್ಚನ್ನು ಅವರು ಕೊಡುವಂತಿಲ್ಲ. ಆದ್ದರಿಂದ ರೂಮಿನ ಬಾಡಿಗೆ ಮತ್ತು ನೋಂದಣಿ ಶುಲ್ಕವನ್ನು ಎರಡು ಬೇರೆ ಖಾತೆಯಾಗಿ ಇಡಿ. ರೂಮು, ಕುಟುಂಬದ ಊಟ, ದೋಣಿ ವಿಹಾರ ಇವೆಲ್ಲ ಅವರವರ ಜೇಬಿನಿಂದ. ಕಂಪನಿ ಬೆಂಬಲ ಬಂದರೆ ಸಂಘದ ಬ್ಯಾಂಕ್ ಖಾತೆಗೆ, ರಸೀದಿ ಸಮೇತ. ಲೆಕ್ಕ ಯಾರು ಕೇಳಿದರೂ ತೋರಿಸುವಂತಿರಲಿ.

ಹೆಜ್ಜೆ 4: ಜಾಗ, ಪ್ರಯಾಣ

ಸಮುದ್ರಕ್ಕೆ ಮುಖ ಮಾಡಿದ ಹಾಲ್ ಬೇಡ ಎಂದೇ ನಾನು ಹೇಳುತ್ತೇನೆ. ಬೆಳಕು ಸ್ಕ್ರೀನ್ ಮೇಲೆ ಬೀಳುತ್ತದೆ, ಜನ ಕಿಟಕಿಯ ಹೊರಗೆ ನೋಡುತ್ತಾರೆ. ವೈದ್ಯಕೀಯ ಕಾಲೇಜಿನ ಸಭಾಂಗಣ ಸಿಕ್ಕರೆ ಅದೇ ಒಳ್ಳೆಯದು. ಊರೊಳಗೇ ಇದೆ, ಜಿಲ್ಲಾ ಆಸ್ಪತ್ರೆ ಪಕ್ಕದಲ್ಲೇ, ಉಪಕರಣ ಹೊತ್ತು ತರುವ ಗೋಜಿಲ್ಲ. ಹೋಟೆಲ್ ಹಾಲ್ ಆದರೆ ಹೆಸ್ಕಾಂ ಕರೆಂಟ್ ಹೋದಾಗ ಜನರೇಟರ್ ಎಷ್ಟು ಹೊತ್ತಿಗೆ ಏಳುತ್ತದೆ ಅಂತ ಖುದ್ದಾಗಿ ಮೇನ್ ಆಫ್ ಮಾಡಿಸಿ ನೋಡಿ.

ರೈಲಿನಲ್ಲಿ ಬರುವವರಿಗೆ ಬೆಂಗಳೂರಿನಿಂದ ಪಂಚಗಂಗಾ, ಮುಂಬೈ ಕಡೆಯಿಂದ ಮತ್ಸ್ಯಗಂಧಾ. 2023ರ ಡಿಸೆಂಬರ್ ಕೊನೆಯಲ್ಲಿ ಶುರುವಾದ ಮಂಗಳೂರು–ಮಡಗಾಂವ್ ವಂದೇ ಭಾರತ್ ಕಾರವಾರದಲ್ಲಿ ನಿಲ್ಲುತ್ತದೆ. ಸ್ಟೇಷನ್ ಇರುವುದು ಊರಿನಿಂದ ಆಚೆ, ಶಿರವಾಡದಲ್ಲಿ. ಹಾಗಾಗಿ ಒಂದು ಟೆಂಪೋ ಮಾತಾಡಿಡಿ. ವಿಮಾನದವರಿಗೆ ಗೋವಾದ ಎರಡು ನಿಲ್ದಾಣಗಳಲ್ಲಿ ದಾಬೋಳಿ ಹತ್ತಿರ, ಮೋಪಾ ದೂರ. ಟಿಕೆಟ್ ಮಾಡುವ ಮೊದಲೇ ಇದನ್ನು ಹೇಳಿ. ಶಿರಸಿಯಿಂದ ಸುಮಾರು 120 ಕಿಲೋಮೀಟರ್ ಘಟ್ಟ ಇಳಿದು ಬರುವವರು ಬೆಳಿಗ್ಗೆ ಒಂಬತ್ತಕ್ಕೆ ತಲುಪುವುದು ಕಷ್ಟ. ಉದ್ಘಾಟನೆಯನ್ನು ಹತ್ತು ನಿಮಿಷಕ್ಕೆ ಮುಗಿಸಿ ಹತ್ತು ಗಂಟೆಗೆ ಪಾಠ ಶುರು ಮಾಡಿ. ದೀಪ ಬೆಳಗುವುದಕ್ಕೆ ಎಂಟು ಜನ ವೇದಿಕೆ ಹತ್ತಬೇಕಿಲ್ಲ.

ಹೆಜ್ಜೆ 5: ಏನು ಕಲಿಸಬೇಕು

ಇಲ್ಲಿ ಹೆಚ್ಚು ಯೋಚನೆ ಮಾಡಿ. ರೋಬೋಟಿಕ್ ಸರ್ಜರಿಯ ಅರಿವಳಿಕೆ ಬಗ್ಗೆ ನಲವತ್ತು ಸ್ಲೈಡು ನೋಡಿ ಭಟ್ಕಳದ ಡಾಕ್ಟರಿಗೆ ಏನು ಪ್ರಯೋಜನ? ಈ ಜಿಲ್ಲೆಯ ಓಟಿ ಬಾಗಿಲಿಗೆ ಬರುವುದನ್ನೇ ಪಾಠ ಮಾಡಿ. ಭಾಷಣ ಕಡಿಮೆ, ಕೇಸ್ ಜಾಸ್ತಿ. ಸ್ಲೈಡ್ ಇಂಗ್ಲಿಷಿನಲ್ಲಿದ್ದರೂ ಚರ್ಚೆ ಕನ್ನಡದಲ್ಲಿ ನಡೆಯಲಿ. ಆಗ ಟೆಕ್ನಿಷಿಯನ್‌ಗಳೂ ಬಾಯಿ ಬಿಡುತ್ತಾರೆ.

ಒಂದು ಕೇಸ್ ಹೀಗೆ ಕಟ್ಟಬಹುದು. ಬೆಳಗಿನ ಜಾವ, ತೋಟದ ಮನೆಯಿಂದ ಬಂದ ಯುವಕ. ವಿಪರೀತ ಹೊಟ್ಟೆನೋವು, ವಾಂತಿ. ಅಪೆಂಡಿಕ್ಸ್ ಇರಬಹುದು ಅಂತ ಸರ್ಜನ್ ಕೇಸ್ ಪೋಸ್ಟ್ ಮಾಡುತ್ತಾರೆ. ನೀವು ಪ್ರೀ-ಆಪ್ ನೋಡುವಾಗ ಕಣ್ಣಿನ ರೆಪ್ಪೆ ಜೋತುಬಿದ್ದಿದೆ, ಮಾತು ತೊದಲುತ್ತಿದೆ. ನೆಲದ ಮೇಲೆ ಮಲಗಿದ್ದೆ ಅನ್ನುತ್ತಾನೆ. ಇದು ಕಟ್ಟುಹಾವಿನ ಕಡಿತ ಎಂದು ಹೊಳೆಯಬೇಕು. ಈ ಹಾವು ಕಚ್ಚಿದ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ. ಇಲ್ಲಿಂದ ಚರ್ಚೆ ಎಳೆಯಿರಿ: ರಿಲ್ಯಾಕ್ಸೆಂಟ್ (ಸ್ನಾಯು ಸಡಿಲಿಸುವ ಮದ್ದು) ಕೊಟ್ಟಿದ್ದರೆ ಏನಾಗುತ್ತಿತ್ತು? ಉಸಿರು ನಿಲ್ಲುವ ಮುನ್ನ ಟ್ಯೂಬ್ ಯಾವಾಗ ಹಾಕಬೇಕು? ನಾಗರಹಾವಿನ ವಿಷಕ್ಕೆ ಕೆಲಸ ಮಾಡುವ ನಿಯೋಸ್ಟಿಗ್ಮಿನ್ ಕಟ್ಟುಹಾವಿಗೆ ಯಾಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ? ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಘಟ್ಟದ ತೋಟಗಳಲ್ಲಿ ಸಿಗುವ ಹಂಪ್ ನೋಸ್ಡ್ ಪಿಟ್ ವೈಪರ್ ಎಂಬ ಪುಟ್ಟ ಹಾವಿಗೂ ಕಾಳಿಂಗ ಸರ್ಪಕ್ಕೂ ಅದು ಲೆಕ್ಕಕ್ಕಿಲ್ಲ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಇಲಾಖೆಗೆ ವರದಿ ಮಾಡಬೇಕು ಎಂಬುದನ್ನೂ ಸೇರಿಸಿ.

ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಸಿದ್ದಾಪುರ, ಹೊನ್ನಾವರದವರಿಗೆ ಬೇಸಿಗೆ ಬಂತೆಂದರೆ ಇದೇ ಚಿಂತೆ. ಇದರಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗಬಹುದು. ಜ್ವರ ಇರುವ ತುಂಬು ಗರ್ಭಿಣಿ ಸಿಸೇರಿಯನ್‌ಗೆ ಬಂದರೆ ಪ್ಲೇಟ್‌ಲೆಟ್ ನೋಡದೆ ಬೆನ್ನಿಗೆ ಸೂಜಿ ಹಾಕುತ್ತೀರಾ? ಲ್ಯಾಬ್ ಮುಚ್ಚಿದ ರಾತ್ರಿ ಏನು ಮಾಡುತ್ತೀರಿ? ಸರಿಯುತ್ತರ ಒಂದೇ ಇಲ್ಲದ ಪ್ರಶ್ನೆ, ಅದಕ್ಕೇ ಒಳ್ಳೆಯ ಚರ್ಚೆ ಆಗುತ್ತದೆ.

ಹೆರಿಗೆಯ ನಂತರದ ರಕ್ತಸ್ರಾವ ಬಿಡುವಂತೆಯೇ ಇಲ್ಲ. ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಹೆರಿಗೆಯಾದ ಮೂರು ಗಂಟೆಯೊಳಗೆ, ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ. ಇದನ್ನು ಬಾಯಿಪಾಠ ಮಾಡಿಸುವುದಕ್ಕಿಂತ ನಿಜವಾದ ಡ್ರಿಲ್ ಮಾಡಿಸಿ. ಗಡಿಯಾರ ಇಟ್ಟು, ರಕ್ತ ತರಿಸಲು ಫೋನ್ ಮಾಡಿ, ಯಾರು ಯಾವ ಕೆಲಸ ಅಂತ ಕೂಗಿ ಹೇಳಿ. ಹಾಗೆಯೇ ಲೋಕಲ್ ಅನಸ್ತೆಟಿಕ್ (ಮರಗಟ್ಟಿಸುವ ಮದ್ದು) ಮೈಗೇರಿ ವಿಷವಾದರೆ ಏನು ಮಾಡಬೇಕು ಎಂಬ ಡ್ರಿಲ್: 20 ಶೇಕಡಾ ಲಿಪಿಡ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರವ), 70 ಕೆಜಿಗಿಂತ ಕಡಿಮೆ ಇದ್ದವರಿಗೆ ಕೆಜಿಗೆ 1.5 ಎಂಎಲ್, ಹೆಚ್ಚಿದ್ದವರಿಗೆ 100 ಎಂಎಲ್, ಎರಡು ಮೂರು ನಿಮಿಷದಲ್ಲಿ. ಕೊನೆಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಆಸ್ಪತ್ರೆಯಲ್ಲಿ ಆ ಬಾಟಲಿ ಯಾವ ಕಪಾಟಿನಲ್ಲಿದೆ? ಹಾಲ್ ಪೂರ್ತಿ ಗಪ್‌ಚುಪ್ ಆದರೆ ಪಾಠ ಸರಿಯಾದ ಕಡೆ ತಗುಲಿತು ಅಂತಲೇ ಅರ್ಥ.

ಡ್ರಿಲ್‌ಗೆ ಫೆಂಟನಿಲ್, ಬುಪಿವಕೇನ್‌ನಂಥ ನಿಜವಾದ ಅರಿವಳಿಕೆ ಮದ್ದು ಹಾಲ್‌ಗೆ ತರಬೇಡಿ. ಸಲೈನ್ ತುಂಬಿದ ಸಿರಿಂಜಿಗೆ ‘ತರಬೇತಿಗೆ ಮಾತ್ರ’ ಎಂಬ ದಪ್ಪ ಚೀಟಿ ಅಂಟಿಸಿ, ಸಂಜೆ ಎಣಿಸಿ ಎಲ್ಲವನ್ನೂ ಬಿಸಾಡಿ. ಒಂದೇ ಒಂದು ಯಾರದೋ ಕೋಟಿನ ಜೇಬಿನಲ್ಲಿ ಓಟಿಗೆ ಹೋದರೂ ಅಪಾಯ.

ಹೆಜ್ಜೆ 6: ಏರ್‌ವೇ ಟೇಬಲ್

ಕಷ್ಟದ ಏರ್‌ವೇಗೆ (ಉಸಿರಿನ ದಾರಿಗೆ) ಎಐಡಿಎಎಯ (ಅಖಿಲ ಭಾರತ ಕಷ್ಟದ ಏರ್‌ವೇ ಸಂಘದ) 2016ರ ಭಾರತೀಯ ಮಾರ್ಗಸೂಚಿ ಹಿಡಿದು ಹೋಗಿ. ಚಾರ್ಟನ್ನು ದೊಡ್ಡದಾಗಿ ಮುದ್ರಿಸಿ ಪ್ರತಿ ಓಟಿಗೆ ಒಂದೊಂದು ಕೊಟ್ಟು ಕಳಿಸಿ. ಟ್ಯೂಬ್ ಹಾಕುವಾಗಲೂ ಮೂಗಿನಿಂದ ಆಕ್ಸಿಜನ್ ಹರಿಯುತ್ತಿರಲಿ ಎಂಬ ಅದರ ಸಲಹೆ ಸರಳ, ಖರ್ಚಿಲ್ಲದ್ದು, ನಮ್ಮಲ್ಲಿ ಬೇಗ ಮರೆಯುವಂಥದ್ದು.

ಕೊನೆಯ ದಾರಿಯಾದ ಕ್ರೈಕೋಥೈರಾಯ್ಡಾಟಮಿಯನ್ನು (ಕತ್ತಿನ ಮುಂಭಾಗ ಕೊಯ್ದು ಉಸಿರಿಗೆ ದಾರಿ ಮಾಡುವುದನ್ನು) ಪ್ರತಿಯೊಬ್ಬರೂ ಕೈಯಾರೆ ಮಾಡಬೇಕು. ಇದಕ್ಕೆ ಮಟನ್ ಅಂಗಡಿಯವರೇ ಗತಿ. ಎರಡು ಮೂರು ದಿನ ಮೊದಲೇ ಹೋಗಿ ಮಾತಾಡಿ: ಅಭ್ಯಾಸಕ್ಕೆ ಆಡು, ಕುರಿಯ ಬರೀ ಉಸಿರು ಕೊಳವೆ ಸಾಲದು, ಗಂಟಲ ಗಂಟು ಹಾಳಾಗದೆ ಇಡಿಯಾಗಿ ಬೇಕು. ಹೇಳದಿದ್ದರೆ ಅದನ್ನೇ ಕತ್ತರಿಸಿ ಕೊಡುತ್ತಾರೆ. ಐಸ್ ಡಬ್ಬಿಯಲ್ಲಿಡಿ. ಮೀನಿನ ಐಸ್ ಬೈತಖೋಲ ಬಂದರಿನಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಬೇಡ, ಹಾಲ್ ಪೂರ್ತಿ ವಾಸನೆ. ಮೇಲೆ ಚರ್ಮದ ಬದಲು ದಪ್ಪ ಇಲಾಸ್ಟಿಕ್ ಪ್ಲಾಸ್ಟರ್ ಸುತ್ತಿ. 10ನೇ ನಂಬರ್ ಬ್ಲೇಡ್, ಬೂಜಿ, ಕಫ್ ಇರುವ 6.0 ಟ್ಯೂಬ್, ಇಷ್ಟೇ ಸಾಮಾನು. ಮಾಂಸ ಮುಟ್ಟದವರು ಘಟ್ಟದ ಮೇಲಿನಿಂದ ಬಂದಿರುತ್ತಾರೆ. ಅವರನ್ನು ಮುಜುಗರಕ್ಕೆ ಹಾಕದೆ ಪಕ್ಕದಲ್ಲೇ ವೆಂಟಿಲೇಟರಿನ ಸುಕ್ಕು ಪೈಪಿಗೆ ಟೇಪ್ ಸುತ್ತಿದ ಇನ್ನೊಂದು ಟೇಬಲ್ ಇಡಿ. ಉಳಿದದ್ದೆಲ್ಲ ಬಯೋಮೆಡಿಕಲ್ ತ್ಯಾಜ್ಯಕ್ಕೆ, ಅಲ್ಲಿ ಬಳಸಿದ ಯಾವ ಉಪಕರಣವೂ ಓಟಿಗೆ ವಾಪಸ್ ಹೋಗಬಾರದು.

ಉಪ್ಪುಗಾಳಿಯ ಊರು ಇದು. ಲ್ಯಾರಿಂಗೋಸ್ಕೋಪಿನ ಸಂಪರ್ಕದ ತುದಿ ಬೇಗ ಕಪ್ಪಾಗುತ್ತದೆ. ಹಿಂದಿನ ರಾತ್ರಿ ಎಲ್ಲ ಬಲ್ಬ್, ಬ್ಯಾಟರಿ ನೋಡಿಡಿ.

ಹೆಜ್ಜೆ 7: ಅಲ್ಟ್ರಾಸೌಂಡ್, ಹುಷಾರು

ನರ್ವ್ ಬ್ಲಾಕ್ (ನರದ ಪಕ್ಕ ಮದ್ದು ಕೊಟ್ಟು ಆ ಭಾಗ ಮರಗಟ್ಟಿಸುವುದು) ಕಲಿಸಲು ಅಲ್ಟ್ರಾಸೌಂಡ್ ಬೇಕು. ಆದರೆ ಆ ಯಂತ್ರ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಾಗಿರುತ್ತದೆ. ಜಿಲ್ಲಾ ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿ ಇಲ್ಲದೆ ಅದನ್ನು ಕಾರಿನಲ್ಲಿಟ್ಟು ರೆಸಾರ್ಟಿಗೆ ಒಯ್ಯಬೇಡಿ. ‘ನಾವು ಕೈ ನೋಡೋದಷ್ಟೇ, ಹೊಟ್ಟೆ ಅಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಸುಲಭದ ದಾರಿ ಎಂದರೆ ಯಂತ್ರ ನೋಂದಣಿಯಾಗಿರುವ ಆಸ್ಪತ್ರೆಯಲ್ಲೇ ಈ ಭಾಗ ಇಟ್ಟುಕೊಳ್ಳುವುದು. ಆಗಲೂ ಪ್ರಾಧಿಕಾರಕ್ಕೆ ಒಂದು ಪತ್ರ ಬರೆದು ಸ್ವೀಕೃತಿ ಇಟ್ಟುಕೊಳ್ಳಿ. ಸ್ಕ್ಯಾನ್ ಮಾಡಿಸಿಕೊಳ್ಳುವ ಸ್ವಯಂಸೇವಕರು ಗಂಡಸರೇ ಆಗಿರಲಿ. ನೋಡುವುದಷ್ಟೇ, ಸೂಜಿ ಚುಚ್ಚುವುದೆಲ್ಲ ಮಾಂಸದ ತುಂಡು ಅಥವಾ ಜೆಲ್ ಮಾಡೆಲ್ ಮೇಲೆ.

ಹೆಜ್ಜೆ 8: ಸಂಜೆ, ದಡದಲ್ಲಿ

ಪಾಠ ನಾಲ್ಕೂವರೆಗೆ ನಿಲ್ಲಬೇಕು. ಡಿಸೆಂಬರಿನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬೀಚಿನ ಆಸೆ ತೋರಿಸಿ ಕರೆದು ಐದೂಮುಕ್ಕಾಲರವರೆಗೆ ವಂದನಾರ್ಪಣೆ ಮಾಡುವುದು ಅನ್ಯಾಯ.

ಟಾಗೋರ್ ಕಡಲತೀರದಲ್ಲಿ, ಆಡಳಿತದ ಅನುಮತಿ ಪಡೆದು, ಒಂದು ಗಂಟೆ ಜನರಿಗೆ ಸಿಪಿಆರ್ ಕಲಿಸಿ. ಭಾರತೀಯ ಪುನಶ್ಚೇತನ ಮಂಡಳಿಯ ಸಿಒಎಲ್‌ಎಸ್ (ಎದೆ ಒತ್ತುವುದಷ್ಟೇ ಇರುವ ಜೀವರಕ್ಷಣೆ) ಇದಕ್ಕೆಂದೇ ಇದೆ: ಗುರುತಿಸಿ ಸಹಾಯಕ್ಕೆ ಕರೆಯುವುದು, ಎದೆ ಒತ್ತುವುದು, ಬೇಗ ಆಸ್ಪತ್ರೆಗೆ ಸಾಗಿಸುವುದು. ಆಟೋ ಚಾಲಕರು, ಬಸ್ ಕಂಡಕ್ಟರುಗಳು, ಅಂಗಡಿಯವರಿಗೆ ಇಷ್ಟು ಸಾಕು. ಆದರೆ ಲೈಫ್‌ಗಾರ್ಡ್‌ಗಳಿಗೂ ದೋಣಿಯವರಿಗೂ ಇಷ್ಟು ಸಾಲದು. ನೀರಿನಲ್ಲಿ ಮುಳುಗಿದವರ ಹೃದಯ ನಿಲ್ಲುವುದು ಉಸಿರು ಕಟ್ಟಿ, ಆಕ್ಸಿಜನ್ ಇಲ್ಲದೆ. ಅವರಿಗೆ ಉಸಿರು ಕೊಡುವುದು ಮೊದಲು, ಎದೆ ಒತ್ತುವುದು ಆಮೇಲೆ. ಹಾಗಾಗಿ ಲೈಫ್‌ಗಾರ್ಡ್, ದೋಣಿಯವರನ್ನು ಬೇರೆ ಗುಂಪು ಮಾಡಿ, ಬಾಯಿಯಿಂದ ಮತ್ತು ಬ್ಯಾಗ್ ಮಾಸ್ಕಿನಿಂದ ಉಸಿರು ಕೊಡುವುದನ್ನು ಕೈ ಹಿಡಿದು ಕಲಿಸಿ. ಹೊಟ್ಟೆ ಒತ್ತಿ ನೀರು ತೆಗೆಯುವ, ತಲೆಕೆಳಗೆ ಹಿಡಿದು ತಿರುಗಿಸುವ ಹಳೆಯ ಅಭ್ಯಾಸ ಯಾಕೆ ಬೇಡ ಅಂತ ಸಮಾಧಾನದಿಂದ ಹೇಳಿ. ಕಾರವಾರದಲ್ಲಿ ಕೊಂಕಣಿಯಲ್ಲಿ ಹೇಳುವವರು ಒಬ್ಬರಿದ್ದರೆ ಮಾತು ಇನ್ನೂ ಚೆನ್ನಾಗಿ ಇಳಿಯುತ್ತದೆ.

ಊಟದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮಧ್ಯಾಹ್ನ ಹಗುರಾಗಿ ಕೊಡಿ. ಬಂಗುಡೆ ಸಾರು, ಸಿಗಡಿ ಹುರಿದದ್ದು ರಾತ್ರಿಗೆ ಇರಲಿ, ಇಲ್ಲದಿದ್ದರೆ ಎರಡೂವರೆಯ ಪಾಠಕ್ಕೆ ಇಡೀ ಹಾಲ್ ಜನರಲ್ ಅನಸ್ತೇಶಿಯಾದಲ್ಲಿರುತ್ತದೆ. ಘಟ್ಟದ ಅಡುಗೆಯ ಅಪ್ಪೆಹುಳಿ, ತಂಬುಳಿ ಬೇರೆ ಸಾಲಿನಲ್ಲಿರಲಿ. ಕುಟುಂಬದವರಿಗೆ ಹೆದ್ದಾರಿ ಪಕ್ಕದ ಚಾಪಲ್ ಯುದ್ಧನೌಕೆ ಸಂಗ್ರಹಾಲಯ, ಮಿರ್ಜಾನ್ ಕೋಟೆ, ಗೋಕರ್ಣ.

ಹೆಜ್ಜೆ 9: ಮುಗಿದ ಮೇಲೆ

ಹಾಜರಿ ಪಟ್ಟಿ ಮತ್ತು ಖರ್ಚಿನ ಲೆಕ್ಕ ಒಂದು ವಾರದೊಳಗೆ ಕಳಿಸಿ. ಪ್ರಮಾಣಪತ್ರವನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಹಂಚಬೇಡಿ, ಯಾಕೆ ಅಂತ ಎಲ್ಲರಿಗೂ ಗೊತ್ತು.

‘ಕಾರ್ಯಕ್ರಮ ಹೇಗಿತ್ತು’ ಎಂಬ ಫಾರಂನಲ್ಲಿ ಎಲ್ಲರೂ ಅತ್ಯುತ್ತಮ ಅಂತಲೇ ಗುರುತು ಹಾಕುತ್ತಾರೆ. ಅದರ ಬದಲು ಒಂದು ತಿಂಗಳು ಬಿಟ್ಟು ಬಂದವರಿಗೆಲ್ಲ ಫೋನ್ ಮಾಡಿ ನಾಲ್ಕೇ ಪ್ರಶ್ನೆ ಕೇಳಿ. ನಿಮ್ಮ ಓಟಿಯಲ್ಲಿ ಈಗ ಬೂಜಿ ಇದೆಯಾ? ಲಿಪಿಡ್ ಬಾಟಲಿ ಬಂತಾ, ಅವಧಿ ಯಾವಾಗ ಮುಗಿಯುತ್ತದೆ? ಏರ್‌ವೇ ಚಾರ್ಟ್ ಗೋಡೆಗೆ ಹತ್ತಿತಾ? ಲೇಬರ್ ವಾರ್ಡಿನವರ ಜೊತೆ ರಕ್ತಸ್ರಾವದ ಡ್ರಿಲ್ ಒಮ್ಮೆಯಾದರೂ ಆಯಿತಾ? ಇಲ್ಲ ಅಂದವರ ಪಟ್ಟಿ ಮಾಡಿ ತಾಲ್ಲೂಕು ವೈದ್ಯಾಧಿಕಾರಿಗೆ, ಜಿಲ್ಲಾ ಸರ್ಜನ್‌ಗೆ ಒಂದು ಪತ್ರ ಬರೆಯಿರಿ. ಮುಂದಿನ ಸಲದ ವಿಷಯಗಳನ್ನೂ ಆ ಪಟ್ಟಿಯಿಂದಲೇ ಆರಿಸಿ. ಆ ಎರಡು ದಿನ ಕಾಲ್ ನೋಡಿಕೊಂಡವರಿಗೆ ಮುಂದಿನ ಸಲ ಮೊದಲ ಸೀಟು, ಶುಲ್ಕವಿಲ್ಲದೆ.